ಮೂವತ್ತಾರು ಇಲಿಗಳ ಲೆಕ್ಕ

ಪ್ರಶ್ನೆ: ನನ್ನ ಮಗಳು ಎಂ.ಫಾರ್ಮ ಎರಡನೇ ವರ್ಷದಲ್ಲಿದ್ದಾಳೆ, ಫಾರ್ಮಕಾಲಜಿ ವಿಭಾಗ. ಒಂದು ಗಿಡದ ಎಲೆಯ ಸಾರ ಸಕ್ಕರೆ ಕಾಯಿಲೆಗೆ ಆಗುತ್ತದಾ ಅಂತ ನೋಡುವುದು ಅವಳ ಪ್ರಾಜೆಕ್ಟ್. ಅದಕ್ಕೆ 36 ಇಲಿಗಳಿಗೆ ಮೊದಲು ಶುಗರ್ ಬರಿಸಬೇಕಂತೆ. ನಾಲ್ಕು ವಾರ ಸಾರ ಕುಡಿಸಿ, ಕೊನೆಗೆ ಎಲ್ಲವನ್ನೂ ಕೊಲ್ಲಬೇಕಂತೆ. ನಾವು ಮನೆಯಲ್ಲಿ ಇಲಿ ಸಿಕ್ಕಿಬಿದ್ದರೂ ಬೋನನ್ನು ಊರಾಚೆ ಒಯ್ದು ಬಿಟ್ಟು ಬರುವ ಜನ. ಅವಳು ರಾತ್ರಿ ಫೋನ್ ಮಾಡಿ ಅಳುತ್ತಾಳೆ. 'ಎಲ್ಲರೂ ಮಾಡ್ತಾರೆ, ನೀನೂ ಮಾಡು' ಅಂತ ಗೈಡ್ ಹೇಳಿದ್ದಾರೆ. ಇತ್ತ ನಮ್ಮ ಯಜಮಾನರು ಹನ್ನೆರಡು ವರ್ಷದಿಂದ ಇನ್ಸುಲಿನ್ ಮೇಲಿದ್ದಾರೆ. ಅದೂ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿಯೇ ಬಂದದ್ದು ಅಂತ ಮಗ ವಾದ ಮಾಡುತ್ತಾನೆ. ಇದು ಸರಿಯಾ, ತಪ್ಪಾ? ಪಾಪದ ಕೆಲಸವಾ? ಬೇರೆ ದಾರಿ ಇಲ್ಲವಾ?
ಒಬ್ಬ ತಾಯಿ, ಹಾಸನ ಜಿಲ್ಲೆ

ಉತ್ತರ: ನಿಮ್ಮ ಮಗಳು ಅಳುತ್ತಾಳೆ ಅಂತ ಓದಿ ನನಗೆ ಒಂದು ಬಗೆಯ ಸಮಾಧಾನವೇ ಆಯಿತು. ತಪ್ಪು ತಿಳಿಯಬೇಡಿ. ಮೂವತ್ತು ವರ್ಷ ಫಾರ್ಮಕಾಲಜಿ ಪಾಠ ಮಾಡಿದವನು ನಾನು. ಪ್ರಾಣಿ ಪ್ರಯೋಗಕ್ಕೆ ಒಪ್ಪಿಗೆ ಕೊಡುವ ಕಮಿಟಿಯಲ್ಲೂ ಸುಮಾರು ವರ್ಷ ಕೂತಿದ್ದೇನೆ. ಅಳುವ ಹುಡುಗಿಯರನ್ನು ಕಂಡರೆ ನನಗೆ ಭಯವಿಲ್ಲ. ಮೊದಲ ಇಲಿಯನ್ನು ಕೊಂದ ಮಧ್ಯಾಹ್ನವೇ ಕ್ಯಾಂಟೀನಿಗೆ ಹೋಗಿ ಆರಾಮಾಗಿ ಎಗ್ ಪಫ್ಸ್ ತಿನ್ನುವವರನ್ನು ಕಂಡರೆ ಭಯ. ನಾನೂ ಹಾಗೆ ತಿಂದಿದ್ದೆ, ಅದಕ್ಕೇ ಗೊತ್ತು.

ಪಾಪ ಪುಣ್ಯದ ಖಾತೆ ಬರೆಯುವುದು ನನ್ನ ಕೆಲಸವಲ್ಲ. ತಪ್ಪು ಸರಿಯ ಬಗ್ಗೆ ಕೇಳಿದರೆ ನೇರವಾಗಿ ಹೇಳುತ್ತೇನೆ. ಪ್ರಾಣಿಗಳ ಮೇಲೆ ಪ್ರಯೋಗ ಮಾಡುವುದೆಲ್ಲ ತಪ್ಪು ಅಂತ ನಾನು ನಂಬುವುದಿಲ್ಲ. ಆದರೆ ನೀವು ಬರೆದಿರುವ ಈ ಪ್ರಾಜೆಕ್ಟ್, ನೀವು ಬರೆದಿರುವ ರೀತಿಯಲ್ಲೇ ಇದ್ದರೆ, ತಪ್ಪು. ಇಲಿ ಸಾಯುತ್ತದೆ ಎಂಬ ಒಂದೇ ಕಾರಣಕ್ಕೆ ಅಲ್ಲ. ಸತ್ತೂ ಅದು ಯಾರಿಗೂ ಏನನ್ನೂ ಹೇಳುವುದಿಲ್ಲ, ಅದಕ್ಕೆ.

ಮೊದಲು ನಿಮ್ಮ ಮಗನ ವಾದ. ಅವನು ಹೇಳಿದ್ದು ನಿಜ. 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್ಸ್ಕಿ ಮತ್ತು ಫಾನ್ ಮೇರಿಂಗ್ ಎಂಬ ಇಬ್ಬರು ಒಂದು ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಿದರು. ನಾಯಿಗೆ ವಿಪರೀತ ಮೂತ್ರ, ವಿಪರೀತ ಬಾಯಾರಿಕೆ. ಮೂತ್ರ ಪರೀಕ್ಷಿಸಿದರೆ ಸಕ್ಕರೆ. ಸಕ್ಕರೆ ಕಾಯಿಲೆಯ ಬೇರು ಆ ಗ್ರಂಥಿಯಲ್ಲಿದೆ ಅಂತ ಗೊತ್ತಾದದ್ದು ಹಾಗೆ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದೇ ಗ್ರಂಥಿಯಿಂದ ಸಾರ ತೆಗೆದು, ಗ್ರಂಥಿ ಕಳೆದುಕೊಂಡ ನಾಯಿಗಳಿಗೆ ಕೊಟ್ಟರು. ಸಕ್ಕರೆ ಇಳಿಯಿತು. ಬಹಳ ನಾಯಿಗಳು ಸತ್ತವು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನಿಗೆ ಅದನ್ನು ಚುಚ್ಚಿದರು. ಆಗ ಅವನಲ್ಲಿ ಮೂಳೆ ಚರ್ಮ ಬಿಟ್ಟರೆ ಏನೂ ಇರಲಿಲ್ಲ. ಮೊದಲ ಇಂಜೆಕ್ಷನ್‌ನಿಂದ ಅಷ್ಟೇನೂ ಆಗಲಿಲ್ಲ, ಸಾರ ಶುದ್ಧವಾಗಿರಲಿಲ್ಲ. ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞ ಅದನ್ನು ಶುದ್ಧ ಮಾಡಿಕೊಟ್ಟ ಮೇಲೆ ಕೊಟ್ಟ ಎರಡನೇ ಸುತ್ತಿಗೆ ಹುಡುಗ ಚೇತರಿಸಿಕೊಂಡ. ಅದಕ್ಕೆ ಮೊದಲು ಆ ಬಗೆಯ ಸಕ್ಕರೆ ಕಾಯಿಲೆ ಬಂದ ಮಕ್ಕಳು ಬದುಕುತ್ತಿರಲಿಲ್ಲ.

ಇನ್ನೊಂದು ವಿಷಯವನ್ನು ಬಹುಶಃ ನಿಮ್ಮ ಮಗ ಹೇಳಿರಲಿಕ್ಕಿಲ್ಲ. ಅಲ್ಲಿಂದ ಮುಂದೆ ಸುಮಾರು ಅರವತ್ತು ವರ್ಷ ಇನ್ಸುಲಿನ್ ಬಂದದ್ದು ಕಸಾಯಿಖಾನೆಯಿಂದ. ಹಂದಿ ಮತ್ತು ದನದ ಗ್ರಂಥಿಯಿಂದ ತೆಗೆಯುತ್ತಿದ್ದರು. ಬ್ಯಾಕ್ಟೀರಿಯಾದ ಒಳಗೆ ಮನುಷ್ಯರ ಇನ್ಸುಲಿನ್ ಬೆಳೆಸುವ ವಿಧಾನಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1982ರಲ್ಲಿ. ಹಳೇ ಕಾಲದಲ್ಲಿ ಆಗಿದ್ದರೆ ನಿಮ್ಮ ಮನೆಯ ಫ್ರಿಜ್‌ನಲ್ಲಿ ಇರುತ್ತಿದ್ದದ್ದು ಹಂದಿಯದ್ದೋ ದನದ್ದೋ. ಈಗ ಹಾಗಿಲ್ಲ. ನಾಯಿಯಿಂದ ಕಲಿತೆವು, ಕಲಿತ ಮೇಲೆ ಪ್ರಾಣಿಯನ್ನು ಬಿಟ್ಟೆವು. ನಾನು ಒಪ್ಪುವ ಪ್ರಯೋಗ ಈ ಜಾತಿಯದ್ದು.

ಈಗ ಇದರ ತದ್ವಿರುದ್ಧದ ಜಾತಿ. ನಾನು ಓದುವಾಗ ನಮಗೆ ಪ್ರತಿ ವಾರ ಪ್ರಾಕ್ಟಿಕಲ್ ಇತ್ತು. ಅಟೆಂಡರ್ ಒದ್ದೆ ಗೋಣಿಚೀಲದಲ್ಲಿ ಕಪ್ಪೆ ತರುತ್ತಿದ್ದ. ಕಪ್ಪೆಯ ತಲೆಯ ಹಿಂದೆ ಸೂಜಿ ತೂರಿಸಿ ಮಿದುಳು ಹಾಳು ಮಾಡಬೇಕು, ಎದೆ ಬಿಚ್ಚಬೇಕು, ಬಡಿಯುವ ಹೃದಯಕ್ಕೆ ದಾರ ಕಟ್ಟಿ ಒಂದು ಕಡ್ಡಿಗೆ ಜೋಡಿಸಬೇಕು. ಆ ಕಡ್ಡಿಯ ತುದಿ ಕೈಮೋಗ್ರಾಫ್ ಡ್ರಮ್ಮಿಗೆ ತಾಗಿರುತ್ತಿತ್ತು. ಡ್ರಮ್ಮಿಗೆ ಹೊಳಪಿನ ಕಾಗದ ಸುತ್ತಿ, ಹೊಗೆ ಹಿಡಿದು ಮಸಿ ಕೂರಿಸಿರುತ್ತಿದ್ದೆವು. ಹೃದಯ ಬಡಿದಂತೆ ಮಸಿಯ ಮೇಲೆ ಬಿಳಿ ಗೆರೆ ಏರಿಳಿಯುತ್ತಿತ್ತು. ಅಡ್ರಿನಲಿನ್ ಹನಿ ಹಾಕಿದರೆ ಗೆರೆ ಎತ್ತರ, ಅಸಿಟೈಲ್‌ಕೋಲಿನ್ ಹಾಕಿದರೆ ಗಿಡ್ಡ. ಆಮೇಲೆ ಕಾಗದಕ್ಕೆ ವಾರ್ನಿಷ್ ಹಾಕಿ ಒಣಗಿಸಿ ರೆಕಾರ್ಡ್ ಪುಸ್ತಕಕ್ಕೆ ಅಂಟಿಸುವುದು. ಅಮ್ಮ ಬೈಯುತ್ತಿದ್ದದ್ದು ಅಂಗಿಗೆ ಅಂಟಿದ ಮಸಿಗೆ. ಕಪ್ಪೆಯ ವಿಚಾರ ನಾನು ಮನೆಯಲ್ಲಿ ಹೇಳುತ್ತಲೇ ಇರಲಿಲ್ಲ.

ಗೆರೆ ಏರುತ್ತದೋ ಇಳಿಯುತ್ತದೋ ಅನ್ನುವುದು ಪುಸ್ತಕದಲ್ಲೇ ಇತ್ತು. ಮೇಷ್ಟ್ರಿಗೆ ಗೊತ್ತಿತ್ತು, ನಮಗೂ ಗೊತ್ತಿತ್ತು. ಹೃದಯ ಸರಿಯಾಗಿ ಬಡಿಯದಿದ್ದರೆ ಪಕ್ಕದ ಬ್ಯಾಚಿನವನ ಕಾಗದದಲ್ಲಿ ಅರ್ಧ ಹರಿದುಕೊಂಡು ಅಂಟಿಸುತ್ತಿದ್ದೆವು. ಕಪ್ಪೆ ಮಾತ್ರ ಸುಮ್ನೆ ಹೋಯಿತು.

ಇದೇ ಕಪ್ಪೆಯ ಹೃದಯವನ್ನು ಆಸ್ಟ್ರಿಯಾದ ಗ್ರಾಜ್ ಊರಿನಲ್ಲಿ ಒಟ್ಟೊ ಲೋವಿ ಎಂಬ ವಿಜ್ಞಾನಿ ಬಳಸಿದ್ದು ಹೇಗೆ ನೋಡಿ. ನರವು ಹೃದಯಕ್ಕೆ ಸುದ್ದಿ ಮುಟ್ಟಿಸುವುದು ವಿದ್ಯುತ್ತಿನಿಂದಲೋ ರಾಸಾಯನಿಕದಿಂದಲೋ ಎಂಬ ದೊಡ್ಡ ಜಗಳ ಆಗ ನಡೆದಿತ್ತು. ಒಂದು ರಾತ್ರಿ ಅವರಿಗೆ ಕನಸಿನಲ್ಲಿ ಪ್ರಯೋಗ ಹೊಳೆಯಿತು. ನಿದ್ದೆಗಣ್ಣಲ್ಲಿ ಚೀಟಿಯಲ್ಲಿ ಬರೆದಿಟ್ಟರು. ಬೆಳಗ್ಗೆ ಎದ್ದು ನೋಡಿದರೆ ತನ್ನ ಅಕ್ಷರ ತನಗೇ ಓದಲಾಗಲಿಲ್ಲ! ಮರುರಾತ್ರಿ ಅದೇ ಕನಸು ಮತ್ತೆ ಬಿತ್ತು. ಈ ಸಲ ಎದ್ದವರೇ ಪ್ರಯೋಗಾಲಯಕ್ಕೆ ಓಡಿದರು. ಎರಡು ಕಪ್ಪೆ ಹೃದಯ. ಒಂದರ ನರವನ್ನು ಕೆರಳಿಸಿದರು, ಬಡಿತ ನಿಧಾನವಾಯಿತು. ಅದರ ಸುತ್ತ ಇದ್ದ ನೀರನ್ನು ತೆಗೆದು ಎರಡನೇ ಹೃದಯಕ್ಕೆ ಹಾಕಿದರು. ಅದೂ ನಿಧಾನವಾಯಿತು. ನೀರಿನಲ್ಲಿ ಏನೋ ಬಂದಿದೆ ಎಂದಾಯಿತು. 1921ರಲ್ಲಿ ಇದು ಪ್ರಕಟವಾಯಿತು, 1936ರಲ್ಲಿ ನೊಬೆಲ್ ಬಂತು. ಇವತ್ತಿನ ಎಷ್ಟೋ ಹೃದಯದ ಔಷಧಿ, ಮನಸ್ಸಿನ ಔಷಧಿಗಳ ಹಿಂದೆ ಆ ನೀರು ಇದೆ.

ಪ್ರಾಣಿ ಅದೇ. ಸೂಜಿ ಅದೇ. ನೋವೂ ಹೆಚ್ಚು ಕಮ್ಮಿ ಅಷ್ಟೇ. ಒಂದು ಕಡೆ ಯಾರಿಗೂ ಗೊತ್ತಿಲ್ಲದ ಪ್ರಶ್ನೆ ಇತ್ತು. ಇನ್ನೊಂದು ಕಡೆ ಪ್ರಶ್ನೆಯೇ ಇರಲಿಲ್ಲ.

ಇದನ್ನು ಇಟ್ಟುಕೊಂಡು ನಿಮ್ಮ ಮಗಳ ಪ್ರಾಜೆಕ್ಟ್ ನೋಡೋಣ. ನೀವು ಬರೆಯದಿದ್ದರೂ ಅದರ ಪಟ್ಟಿ ನನಗೆ ಬಾಯಿಪಾಠ. ಆರು ಗುಂಪು, ಗುಂಪಿಗೆ ಆರು ಇಲಿ. ಒಂದು ಆರೋಗ್ಯವಂತ ಗುಂಪು. ಒಂದಕ್ಕೆ ಶುಗರ್ ಬರಿಸಿ ಹಾಗೇ ಬಿಡುವುದು. ಒಂದಕ್ಕೆ ಶುಗರ್ ಬರಿಸಿ ಮೆಟ್‌ಫಾರ್ಮಿನ್ ಅಥವಾ ಗ್ಲಿಬೆನ್‌ಕ್ಲಮೈಡ್ ಎಂಬ ಶುಗರ್ ಮಾತ್ರೆ. ಉಳಿದ ಮೂರಕ್ಕೆ ಸಾರ, ಕಡಿಮೆ, ಮಧ್ಯಮ, ಜಾಸ್ತಿ. ಶುಗರ್ ಬರಿಸುವುದು ಸ್ಟ್ರೆಪ್ಟೊಜೋಟೊಸಿನ್ ಎಂಬ ಮದ್ದಿನಿಂದ. ಅದು ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಕೊಲ್ಲುತ್ತದೆ. ಇಲಿ ನೀರು ಕುಡಿದು ಕುಡಿದು, ಉಚ್ಚೆ ಹೊಯ್ದು ಹೊಯ್ದು, ಕೇಜಿನ ಭತ್ತದ ಹೊಟ್ಟು ಸಂಜೆಯೊಳಗೆ ಮುದ್ದೆಯಾಗಿರುತ್ತದೆ. ಮೈ ಇಳಿಯುತ್ತದೆ, ತುಪ್ಪಳ ಕೆದರುತ್ತದೆ. ಶುಗರ್ ಬಂದ ಇಲಿಗಳ ಕೋಣೆಯ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವುದಿಲ್ಲ.

ಇಲ್ಲಿ ನನ್ನ ತಕರಾರು ಶುರು. ಎಳವೆಯಲ್ಲೇ ಬರುವ, ಇನ್ಸುಲಿನ್ ಪೂರ್ತಿ ನಿಂತುಹೋಗುವ ಕಾಯಿಲೆ ಒಂದು ಬಗೆ, ಟೈಪ್ ಒಂದು. ನಮ್ಮ ಊರುಗಳಲ್ಲಿ ನಲವತ್ತು ದಾಟಿದವರಿಗೆ ಬರುವುದು ಇನ್ನೊಂದು, ಟೈಪ್ ಎರಡು. ಅಲ್ಲಿ ಇನ್ಸುಲಿನ್ ಇರುತ್ತದೆ, ಮೈ ಅದರ ಮಾತು ಕೇಳುವುದಿಲ್ಲ. ಒಂದೇ ದೊಡ್ಡ ಡೋಸ್ ಕೊಟ್ಟು ಬೀಟಾ ಕೋಶ ಕೊಂದ ಇಲಿ ಮೊದಲನೇ ಬಗೆಗೆ ಹತ್ತಿರ. ಆದರೆ ಥೀಸಿಸ್ಸಿನ ಕೊನೇ ಪುಟದಲ್ಲಿ ಬರೆಯುವುದು 'ಈ ಸಾರ ಟೈಪ್ ಎರಡರ ರೋಗಿಗಳಿಗೆ ಉಪಯುಕ್ತ' ಅಂತ. ಗ್ಲಿಬೆನ್‌ಕ್ಲಮೈಡ್ ಕೆಲಸ ಮಾಡುವುದೇ ಬೀಟಾ ಕೋಶವನ್ನು ಹಿಂಡಿ. ಕೊಂದ ಕೋಶವನ್ನು ಹಿಂಡಿದರೆ ಏನು ಬರಬೇಕು? ಆ ಗುಂಪಿನಲ್ಲಿ ಶುಗರ್ ಚೆನ್ನಾಗಿ ಇಳಿಯಿತು ಅಂತ ಕಂಡರೆ ಅರ್ಥ ಒಂದೇ, ಕೋಶಗಳು ಪೂರ್ತಿ ಸತ್ತಿಲ್ಲ. ಹಾಗಾದರೆ ಸಾರ ಕೊಟ್ಟ ಇಲಿಗಳಲ್ಲಿ ಎಷ್ಟು ಸತ್ತಿದ್ದವು, ಎಷ್ಟು ಉಳಿದಿದ್ದವು? ಈ ಪ್ರಶ್ನೆಯನ್ನು ವೈವಾದಲ್ಲಿ ಕೇಳಿದಾಗಲೆಲ್ಲ ಹುಡುಗರು ಗೈಡ್ ಮುಖ ನೋಡಿದ್ದಾರೆ, ಗೈಡ್ ಫ್ಯಾನ್ ನೋಡಿದ್ದಾರೆ.

ಇನ್ನೊಂದು ಲೆಕ್ಕ. ಸಾಮಾನ್ಯವಾಗಿ ಜಾಸ್ತಿ ಡೋಸ್ ಅಂದರೆ ಕೆಜಿಗೆ 400 ಮಿಲಿಗ್ರಾಂ ಸಾರ. ಇಲಿಯ ಡೋಸನ್ನು ಮನುಷ್ಯರಿಗೆ ಇಳಿಸಲು ಸುಮಾರು 6.2ರಿಂದ ಭಾಗಿಸುವ ರೂಢಿ ಇದೆ. ಕೆಜಿಗೆ 65 ಮಿಲಿಗ್ರಾಂ ಬಂತು. 60 ಕೆಜಿ ತೂಕದವರಿಗೆ ದಿನಕ್ಕೆ ಹೆಚ್ಚು ಕಮ್ಮಿ 4 ಗ್ರಾಂ ಸಾರ. ನೂರು ಗ್ರಾಂ ಒಣ ಎಲೆಗೆ ಹತ್ತು ಗ್ರಾಂ ಸಾರ ಸಿಕ್ಕಿತು ಅಂದುಕೊಂಡರೆ, ದಿನಕ್ಕೆ 40 ಗ್ರಾಂ ಒಣ ಎಲೆ. ಹಸಿಯದಾದರೆ ಒಂದು ದೊಡ್ಡ ಕಟ್ಟು ಸೊಪ್ಪು. ದಿನಾಲೂ, ಬದುಕಿರುವ ತನಕ. ಯಾರು ತಿನ್ನುತ್ತಾರೆ, ಯಾವ ಕಂಪನಿ ಮಾತ್ರೆ ಮಾಡುತ್ತದೆ? ಮೊದಲ ದಿನವೇ ಈ ಲೆಕ್ಕ ಹಾಕಿದ್ದರೆ ಇಲಿ ತರಿಸುವ ಪ್ರಶ್ನೆಯೇ ಬರುತ್ತಿರಲಿಲ್ಲ.

ಬೇರೆಯವರನ್ನು ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ನನ್ನದೇ ಥೀಸಿಸ್ ಇದೆ. ಮೂವತ್ತು ಇಲಿಗಳ ಹಿಂಗಾಲಿಗೆ ಕ್ಯಾರಜೀನನ್ ಚುಚ್ಚಿ ಊತ ಬರಿಸಿ, ಒಂದು ಬೇರಿನ ಸಾರ ಕೊಟ್ಟು ಊತ ಇಳಿಯುತ್ತದಾ ಅಂತ ಅಳೆದಿದ್ದೆ. ಇಳಿಯಿತು. ಡಿಗ್ರಿ ಬಂತು. ಆ ಬೇರಿನ ಔಷಧಿ ಇವತ್ತಿಗೂ ಯಾವ ಅಂಗಡಿಯಲ್ಲೂ ಇಲ್ಲ. ಥೀಸಿಸ್ ನನ್ನ ಅಟ್ಟದ ಮೇಲಿದೆ. ತಮಾಷೆ ಅಂದರೆ, ಅದಕ್ಕೆ ಈಗ ನಿಜವಾದ ಇಲಿಗಳೇ ಬಾಯಿ ಹಾಕಿವೆ.

ಹಾಗಂತ ಸೊಪ್ಪಿನ ಸಾರ, ಇಲಿ ಅಂದಕೂಡಲೇ ದಂಡ ಅನ್ನುವಂತಿಲ್ಲ. ಚೀನಾದಲ್ಲಿ ತೂ ಯೂಯೂ ಎಂಬ ಹೆಂಗಸು ಮಲೇರಿಯಾಕ್ಕೆ ಮದ್ದು ಹುಡುಕುತ್ತಾ ಹಳೇ ವೈದ್ಯದ ನೂರಾರು ಸಾರಗಳನ್ನು ನೋಡಿದರು. ಒಂದು ಗಿಡ ಒಮ್ಮೆ ಕೆಲಸ ಮಾಡುತ್ತಿತ್ತು, ಒಮ್ಮೆ ಇಲ್ಲ. ಕುದಿಸಿದರೆ ಗುಣ ಹೋಗುತ್ತದೇನೋ ಅಂತ ಅನುಮಾನ ಬಂದು, ಕಡಿಮೆ ಬಿಸಿಯಲ್ಲಿ ಈಥರ್ ಹಾಕಿ ತೆಗೆದರು. 1971ರಲ್ಲಿ 191ನೇ ನಂಬರಿನ ಆ ಸಾರ ಮಲೇರಿಯಾ ಬಂದ ಚಿಟ್ಟಿಲಿಗಳಲ್ಲಿ ರೋಗಾಣುವನ್ನು ಪೂರ್ತಿ ಅಳಿಸಿತು. ಮುಂದಿನ ವರ್ಷ ರೋಗಿಗೆ ಕೊಡುವ ಮೊದಲು ಅವರೂ ಅವರ ಜೊತೆಗಾರರೂ ಅದನ್ನು ತಾವೇ ನುಂಗಿ ನೋಡಿದರು. ಅದೇ ಆರ್ಟಿಮಿಸಿನಿನ್. 2015ರ ನೊಬೆಲ್. ಇವತ್ತು ನಮ್ಮ ಸರಕಾರಿ ಆಸ್ಪತ್ರೆಯಲ್ಲೂ ಮಲೇರಿಯಾಕ್ಕೆ ಅದರ ಮಾತ್ರೆ ಕೊಡುತ್ತಾರೆ. ಅವರ ಕೈಯಲ್ಲಿ ಒಂದು ಪ್ರಶ್ನೆ ಇತ್ತು. ಉತ್ತರ ಹೌದಾದರೂ ಇಲ್ಲವಾದರೂ ಮುಂದಿನ ಹೆಜ್ಜೆ ಬದಲಾಗುತ್ತಿತ್ತು. ನಿಮ್ಮ ಮಗಳ 36 ಇಲಿಗಳ ಉತ್ತರ ಹೌದಾದರೂ ಇಲ್ಲವಾದರೂ ಥೀಸಿಸ್ ಬೈಂಡಿಂಗ್‌ಗೆ ಹೋಗುತ್ತದೆ.

'ಇಲಿ ತಾನೇ' ಅನ್ನುವವರಿಗೂ ಒಂದು ಮಾತು. 2011ರಲ್ಲಿ ಶಿಕಾಗೊದಲ್ಲಿ ಒಂದು ಇಲಿಯನ್ನು ಇಕ್ಕಟ್ಟಾದ ಕೊಳವೆಯಲ್ಲಿ ಕೂಡಿಹಾಕಿ, ಅದರ ಜೊತೆಗಾರನನ್ನು ಹೊರಗೆ ಬಿಟ್ಟರು. ಹೊರಗಿನದ್ದು ದಿನಗಟ್ಟಲೆ ಪರದಾಡಿ ಬಾಗಿಲು ತೆಗೆಯುವುದನ್ನು ಕಲಿಯಿತು, ಜೊತೆಗಾರನನ್ನು ಬಿಡಿಸಿತು. ಪಕ್ಕದಲ್ಲೇ ಇನ್ನೊಂದು ಕೊಳವೆಯಲ್ಲಿ ಚಾಕೊಲೇಟ್ ಇಟ್ಟರೂ ಎರಡನ್ನೂ ತೆರೆಯಿತು. ಎಷ್ಟೋ ಸಲ ಚಾಕೊಲೇಟನ್ನು ಪೂರ್ತಿ ತಿನ್ನದೆ ಬಿಡುಗಡೆಯಾದ ಜೊತೆಗಾರನಿಗೂ ಉಳಿಸಿತು. ನಮ್ಮ ಮನೆಯಲ್ಲಿ ಅಣ್ಣ ತಮ್ಮಂದಿರು ಇಷ್ಟು ಮಾಡಿದ್ದು ನಾನು ನೋಡಿಲ್ಲ. ಇದು ಗೊತ್ತಾದದ್ದೂ ಇಲಿಯನ್ನು ಕೂಡಿಹಾಕಿಯೇ ಅನ್ನುವುದು ಬೇರೆ ಮಾತು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಅನ್ನುವ ಗಾದೆ ಕಟ್ಟಿದವರಿಗೆ ಪ್ರಯೋಗಾಲಯ ಗೊತ್ತಿರಲಿಲ್ಲ, ಸಂಕಟ ಗೊತ್ತಿತ್ತು.

ನಮ್ಮ ಕಸುಬಿನಲ್ಲಿ 'ಕೊಂದೆವು' ಅನ್ನುವುದಿಲ್ಲ. 'ಸ್ಯಾಕ್ರಿಫೈಸ್ ಮಾಡಿದೆವು' ಅನ್ನುತ್ತೇವೆ. ಬಲಿ ಕೊಟ್ಟೆವು ಅಂತ. ಯಾವ ದೇವರಿಗೆ ಅಂತ ಯಾರೂ ಕೇಳುವುದಿಲ್ಲ. ಎಷ್ಟೋ ಸಲ ಆ ದೇವರ ಹೆಸರು ಇಂಟರ್ನಲ್ ಮಾರ್ಕ್ಸ್.

ಕಾನೂನು ಏನು ಹೇಳುತ್ತದೆ? ನಿಮಗೆ ಆಶ್ಚರ್ಯವಾಗಬಹುದು, ನಮ್ಮ ಕಾನೂನು ಈ ವಿಷಯದಲ್ಲಿ ನಮ್ಮ ಕಾಲೇಜುಗಳಿಗಿಂತ ಮುಂದಿದೆ. ಕಲಾಕ್ಷೇತ್ರ ಕಟ್ಟಿದ ನೃತ್ಯಗಾತಿ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಹಟ ಹಿಡಿದು ಕೂತದ್ದರಿಂದ 1960ರಲ್ಲಿ ಪ್ರಾಣಿಹಿಂಸೆ ತಡೆಯುವ ಕಾಯಿದೆ ಬಂತು. ಅದು ಪ್ರಯೋಗವನ್ನು ನಿಷೇಧಿಸುವುದಿಲ್ಲ. ಆದರೆ 17ನೇ ಕಲಮಿನಲ್ಲಿ ಹೇಳುತ್ತದೆ: ಪುಸ್ತಕ, ಮಾದರಿ, ಫಿಲ್ಮು ಇವುಗಳಿಂದ ಕಲಿಸಲು ಆಗುವ ಕಡೆ ಪ್ರಾಣಿ ಬಳಸಬೇಡಿ, ಬರೀ ಕೈ ಪಳಗಿಸಿಕೊಳ್ಳಲು ಪ್ರಯೋಗ ಮಾಡಬೇಡಿ, ಸಣ್ಣ ಪ್ರಾಣಿಯಲ್ಲಿ ಆಗುವುದನ್ನು ದೊಡ್ಡದರಲ್ಲಿ ಮಾಡಬೇಡಿ. ಇಷ್ಟು 1960ರಲ್ಲೇ ಬರೆದಿಟ್ಟಿದ್ದರು. ಅದಾದ ಎಷ್ಟೋ ವರ್ಷಗಳ ಮೇಲೆ ನಾನು ಕಪ್ಪೆಗೆ ಸೂಜಿ ಹಾಕುತ್ತಿದ್ದೆ. ಈಗ ಬಿ.ಫಾರ್ಮ ಪಾಠಪಟ್ಟಿಯಲ್ಲೇ ಪ್ರಾಣಿ ಪ್ರಯೋಗವನ್ನು ಸಾಫ್ಟ್‌ವೇರ್ ಮತ್ತು ವಿಡಿಯೊದಲ್ಲಿ ತೋರಿಸಿ ಅಂತ ಬರೆದಿದೆ. ಕಂಪ್ಯೂಟರಿನ ಕಪ್ಪೆಗೆ ಹನಿ ಹಾಕಿದರೂ ಗೆರೆ ಏರುತ್ತದೆ. ಅಂಗಿಗೆ ಮಸಿಯೂ ಅಂಟುವುದಿಲ್ಲ.

ಸಂಶೋಧನೆಗೆ ಮಾತ್ರ ಪ್ರತಿ ಸಂಸ್ಥೆಯಲ್ಲೂ ಒಂದು ಎಥಿಕ್ಸ್ ಕಮಿಟಿ ಇರಬೇಕು. ಅದರಲ್ಲಿ ಪಶುವೈದ್ಯರು, ಹೊರಗಿನ ವಿಜ್ಞಾನಿ, ಕೇಂದ್ರ ಸರಕಾರದ ಸಮಿತಿಯ ಪ್ರತಿನಿಧಿ, ಜೊತೆಗೆ ವಿಜ್ಞಾನಿಯೇ ಅಲ್ಲದ ಒಬ್ಬರು. ಈ ಕೊನೆಯವರನ್ನು ಬಹಳ ಕಡೆ ಚಹಾ ಬಿಸ್ಕತ್ತಿಗೆ ಕರೆದಂತೆ ಕರೆಯುತ್ತಾರೆ. ನಾನಿದ್ದ ಒಂದು ಕಮಿಟಿಯಲ್ಲಿ ಆ ಕುರ್ಚಿಯಲ್ಲಿ ಕೂತವರು ಒಬ್ಬ ನಿವೃತ್ತ ಕನ್ನಡ ಮೇಡಂ. ಒಬ್ಬ ಹುಡುಗ ಇಂಥದೇ ಪಟ್ಟಿ ಓದಿದ, ಆರು ಗುಂಪು, ಗುಂಪಿಗೆ ಆರು. ಮೇಡಂ ಕನ್ನಡಕ ಮೇಲೆತ್ತಿ ಕೇಳಿದರು, "ಆರೇ ಯಾಕಪ್ಪಾ? ನಾಲ್ಕು ಯಾಕಾಗಬಾರದು, ಎಂಟು ಯಾಕಾಗಬಾರದು?" ಅವನು ಪಾಪ, ನಿಜ ಹೇಳಿದ. "ಸೀನಿಯರ್ ಥೀಸಿಸ್‌ನಲ್ಲಿ ಆರಿತ್ತು ಮೇಡಂ." ಪಿಎಚ್‌.ಡಿ. ಮಾಡಿದ ನಾವು ನಾಲ್ಕು ಜನ ಅಲ್ಲಿದ್ದೆವು. ನಮ್ಮಲ್ಲೂ ಯಾರೊಬ್ಬರೂ ಬಾಯಿ ಬಿಡಲಿಲ್ಲ.

ಅದು ಬಹಳ ಸರಿಯಾದ ಪ್ರಶ್ನೆ. ಬೇಕಾದ್ದಕ್ಕಿಂತ ಜಾಸ್ತಿ ಇಲಿ ಬಳಸಿದರೆ ಜಾಸ್ತಿಯಾದಷ್ಟು ದಂಡ. ಕಡಿಮೆ ಬಳಸಿದರೆ ಉತ್ತರ ನಂಬುವಂತಿಲ್ಲ, ಹಾಗಾಗಿ ಎಲ್ಲವೂ ದಂಡ. ಎಷ್ಟು ವ್ಯತ್ಯಾಸ ನಿರೀಕ್ಷಿಸುತ್ತೀರಿ, ಇಲಿಯಿಂದ ಇಲಿಗೆ ಎಷ್ಟು ಏರುಪೇರು ಇರುತ್ತದೆ, ಇವೆರಡರಿಂದ ಸಂಖ್ಯೆ ಬರಬೇಕು. ಯಾವ ಇಲಿ ಯಾವ ಗುಂಪಿಗೆ ಅಂತ ಚೀಟಿ ಎತ್ತಬೇಕು. ಶುಗರ್ ಅಳೆಯುವವರಿಗೆ ಅದು ಯಾವ ಗುಂಪಿನದ್ದು ಅಂತ ಗೊತ್ತಿರಬಾರದು. ಇಷ್ಟು ಮಾಡದ ಪ್ರಯೋಗದಲ್ಲಿ ಮದ್ದು ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ, ಏಕೆಂದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ.

ಚೆನ್ನಾಗಿ ಮಾಡಿದ ಪ್ರಯೋಗವೂ ಮನುಷ್ಯರಲ್ಲಿ ಕೈಕೊಡಬಹುದು, ಅದನ್ನೂ ಮುಚ್ಚಿಡಬಾರದು. 2006ರಲ್ಲಿ ಲಂಡನ್ನಿನಲ್ಲಿ ಆರು ಜನ ಆರೋಗ್ಯವಂತ ಹುಡುಗರಿಗೆ ಒಂದು ಹೊಸ ಮದ್ದು ಕೊಟ್ಟರು. ಮಂಗಗಳಿಗೆ ಏನೂ ಆಗದಿದ್ದ ಡೋಸಿನ ಐನೂರನೇ ಒಂದು ಭಾಗ. ಕೆಲವೇ ಗಂಟೆಗಳಲ್ಲಿ ಆರೂ ಜನ ಸಾವಿನ ಬಾಗಿಲಿಗೆ ಹೋದರು. ಪುಣ್ಯಕ್ಕೆ ಎಲ್ಲರೂ ಉಳಿದರು. ಇಲಿಯಾಗಲಿ ಮಂಗವಾಗಲಿ, ಮನುಷ್ಯರ ಬಗ್ಗೆ ಸುಳಿವು ಕೊಡಬಹುದು, ಗ್ಯಾರಂಟಿ ಕೊಡುವುದಿಲ್ಲ.

ಬೇರೆ ದಾರಿ ಇಲ್ಲವಾ ಅಂತ ಕೇಳಿದ್ದೀರಿ. ಹುಚ್ಚುನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಚುಚ್ಚುತ್ತಿದ್ದ ಕಾಲ ನಿಮಗೆ ನೆನಪಿರಬಹುದು. ಆ ಲಸಿಕೆ ಯಾವುದರಿಂದ ಆಗುತ್ತಿತ್ತು ಗೊತ್ತಾ? ಕುರಿಯ ಮಿದುಳಿನಿಂದ. ಬದುಕಿದ ಕುರಿಗೆ ರೇಬಿಸ್ ಹತ್ತಿಸಿ, ಅದರ ಮಿದುಳನ್ನು ತೆಗೆದು ಅರೆದು, ಕಾರ್ಬಾಲಿಕ್ ಆಸಿಡ್ಡಿನಿಂದ ವೈರಸ್ಸನ್ನು ಕೊಂದು ಮಾಡುತ್ತಿದ್ದರು. ಡೇವಿಡ್ ಸೆಂಪಲ್ ಎಂಬವರು ಹಿಮಾಚಲದ ಕಸೌಲಿಯಲ್ಲಿ 1911ರಲ್ಲಿ ಕಂಡುಹಿಡಿದದ್ದು. ಎಷ್ಟೋ ಲಕ್ಷ ಜನರನ್ನು ಉಳಿಸಿತು, ಸುಳ್ಳಲ್ಲ. ಆದರೆ ಅದರಲ್ಲಿದ್ದ ಮಿದುಳಿನ ಚೂರು ಕೆಲವರ ಮೈಗೆ ಒಗ್ಗದೆ ಲಕ್ವ ಹೊಡೆಯುತ್ತಿತ್ತು. ಪ್ರಯೋಗಾಲಯದ ಕೋಶಗಳಲ್ಲಿ ವೈರಸ್ ಬೆಳೆಸಿ ಮಾಡುವ ಲಸಿಕೆ ಬಂದು ದಶಕಗಳೇ ಆಗಿದ್ದರೂ ನಮ್ಮ ದೇಶ ಕುರಿ ಲಸಿಕೆಯನ್ನು ಪೂರ್ತಿ ಬಿಟ್ಟದ್ದು 2005ರ ಹೊತ್ತಿಗೆ. ಕುರಿಯೂ ಉಳಿಯಿತು, ಮನುಷ್ಯನ ಹೊಟ್ಟೆಯೂ ಉಳಿಯಿತು. ಈಗ ತೋಳಿಗೆ ನಾಲ್ಕೋ ಐದೋ ಚುಚ್ಚಿದರೆ ಮುಗಿಯಿತು. ಪ್ರಾಣಿಯನ್ನು ಬಿಟ್ಟರೆ ವಿಜ್ಞಾನ ಹಿಂದೆ ಬೀಳುತ್ತದೆ ಅಂತ ಹೆದರಿಸುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಆದರೆ ಎಲ್ಲ ಕಡೆ ಇಷ್ಟು ಸಲೀಸಿಲ್ಲ. ಹಾವು ಕಚ್ಚಿದರೆ ಕೊಡುವ ಔಷಧಿ ಇವತ್ತಿಗೂ ಕುದುರೆಯ ರಕ್ತದಿಂದಲೇ ಬರುತ್ತದೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷವನ್ನು ಚೂರು ಚೂರೇ ಕುದುರೆಗೆ ಕೊಟ್ಟು, ಅದರ ರಕ್ತದಲ್ಲಿ ಹುಟ್ಟುವ, ವಿಷವನ್ನು ಎದುರಿಸುವ ಪ್ರತಿಕಾಯಗಳನ್ನು ತೆಗೆಯುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಒಂದು ತಂಡ ಹೊರದೇಶದವರ ಜೊತೆ ಸೇರಿ ಕುದುರೆಯೇ ಬೇಡದ ಪ್ರತಿಕಾಯವೊಂದನ್ನು ಪ್ರಯೋಗಾಲಯದಲ್ಲಿ ಸೃಷ್ಟಿಸಿ 2024ರಲ್ಲಿ ಪ್ರಕಟಿಸಿತು. ಅದು ಕೆಲಸ ಮಾಡುತ್ತದೆ ಅಂತ ತೋರಿಸಿದ್ದು ಚಿಟ್ಟಿಲಿಗಳಿಗೆ ವಿಷ ಕೊಟ್ಟು. ಕುದುರೆಯನ್ನು ಬಿಡಿಸಲು ಇಲಿ ಬೇಕಾಯಿತು. ಗದ್ದೆಯಲ್ಲಿ ಬರಿಗಾಲಲ್ಲಿ ಓಡಾಡುವ ಊರಿನವನು ನಾನು. ಆ ಇಲಿಗಳ ವಿಷಯದಲ್ಲಿ ನನ್ನ ತಕರಾರಿಲ್ಲ. ಯಾವ ಕಾರಣಕ್ಕೂ ಬೇಡ ಅನ್ನುವವರು ಇದ್ದಾರೆ, ಅವರ ಮಾತಿನಲ್ಲಿ ತೂಕವಿದೆ. ನಮ್ಮ ಜೀವ ದೊಡ್ಡದು ಅಂತ ನಾವೇ ತೀರ್ಪು ಕೊಟ್ಟುಕೊಂಡಿದ್ದೇವೆ, ಇಲಿಯನ್ನು ಯಾರೂ ಕೇಳಿಲ್ಲ. ಈ ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ. ಆದರೂ ಹಾವು ಕಚ್ಚಿದ ಮಗುವನ್ನು ಎದುರಿಗಿಟ್ಟುಕೊಂಡು ಅವರ ಪಕ್ಷಕ್ಕೆ ಹೋಗಲು ನನ್ನಿಂದ ಆಗುವುದಿಲ್ಲ.

ಈಗ ಕೆಲಸದ ಮಾತು. ನಿಮ್ಮ ಮಗಳಿಗೆ ಹೇಳಿ, ಅಳುವುದು ಬಿಟ್ಟು ಮೊದಲು ಎಥಿಕ್ಸ್ ಕಮಿಟಿಗೆ ಹಾಕುವ 'ಫಾರ್ಮ್ ಬಿ' ಎಲ್ಲಿದೆ ನೋಡಲಿ. ಇನ್ನೂ ಒಪ್ಪಿಗೆ ಆಗಿಲ್ಲದಿದ್ದರೆ ಬದಲಾಯಿಸಲು ಪೂರ್ತಿ ಅವಕಾಶವಿದೆ. ಎಂ.ಫಾರ್ಮ ಥೀಸಿಸ್‌ಗೆ ಇಲಿ ಬೇಕೇ ಬೇಕು ಅಂತ ಎಲ್ಲೂ ಇಲ್ಲ. ಅದೇ ಗಿಡ ಇಟ್ಟುಕೊಂಡೇ ಮಾಡಬಹುದು. ಪಿಷ್ಟವನ್ನು ಸಕ್ಕರೆ ಮಾಡುವ ಎರಡು ಕಿಣ್ವಗಳನ್ನು ಸಾರ ತಡೆಯುತ್ತದಾ ಅಂತ ಟೆಸ್ಟ್‌ಟ್ಯೂಬಿನಲ್ಲೇ ನೋಡಬಹುದು. ಅಕಾರ್ಬೋಸ್ ಎಂಬ ಶುಗರ್ ಮಾತ್ರೆ ಕೆಲಸ ಮಾಡುವುದೇ ಆ ದಾರಿಯಲ್ಲಿ. ಸ್ನಾಯುವಿನ ಕೋಶಗಳು ಸಕ್ಕರೆ ಹೀರುವುದು ಜಾಸ್ತಿಯಾಗುತ್ತದಾ ಅಂತ, ಪ್ರಯೋಗಾಲಯದಲ್ಲಿ ಬೆಳೆಸುವ ಎಲ್6 ಎಂಬ ಸ್ನಾಯು ಕೋಶಗಳಲ್ಲಿ ನೋಡಬಹುದು. ಇಂಥ ಕೋಶಗಳನ್ನು ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಿಂದ ತರಿಸಬಹುದು. ಇಲ್ಲಿ ಏನೂ ಸಿಗದಿದ್ದರೆ ಇಲಿಯವರೆಗೆ ಹೋಗುವ ಅಗತ್ಯವೇ ಇಲ್ಲ, 36 ಜೀವ ಉಳಿಯಿತು. ಒಂದು ವಿಷಯ ಮುಚ್ಚಿಡುವುದಿಲ್ಲ: ಕೋಶಗಳನ್ನು ಬೆಳೆಸುವ ರಸಕ್ಕೆ ಸಾಮಾನ್ಯವಾಗಿ ಹಾಕುವುದು ಗಬ್ಬದ ಹಸುವಿನ ಹೊಟ್ಟೆಯಲ್ಲಿರುವ ಕರುವಿನ ರಕ್ತದ ಸೀರಂ. ಅದಿಲ್ಲದ ರಸಗಳೂ ಈಗ ಬಂದಿವೆ, ಬೆಲೆ ಜಾಸ್ತಿ. ಎಲ್ಲಿಗೆ ಹೋದರೂ ಪೂರ್ತಿ ಮಡಿ ಅನ್ನುವುದು ಈ ಕಸುಬಿನಲ್ಲಿಲ್ಲ.

ಗೈಡ್ ಹತ್ತಿರ 'ನನಗೆ ಪಾಪ ಅನ್ನಿಸುತ್ತದೆ ಸರ್' ಅಂತ ಹೋದರೆ ಅವರು ನಕ್ಕು ಕಳಿಸುತ್ತಾರೆ. ಅದರ ಬದಲು, 'ಸರ್, ಈ ಮಾದರಿ ಟೈಪ್ ಒಂದಕ್ಕೆ ಹತ್ತಿರ, ನಮ್ಮ ಪ್ರಶ್ನೆ ಟೈಪ್ ಎರಡರದ್ದು, ಪರೀಕ್ಷಕರು ಕೇಳಿದರೆ ಏನು ಹೇಳಲಿ?' ಅಂತ ಕೇಳಲಿ. ನಾಲ್ಕು ವರ್ಷದ ಹಿಂದೆ ನನ್ನದೇ ಒಬ್ಬ ವಿದ್ಯಾರ್ಥಿನಿ ನನ್ನನ್ನು ಹೀಗೆ ಕೇಳಿ ಕಟ್ಟಿಹಾಕಿದ್ದಳು. ಅವಳ ಪ್ರಾಜೆಕ್ಟಿನಿಂದ ಇಲಿ ಹೋಯಿತು.

ಒಪ್ಪಿಗೆ ಆಗಿಹೋಗಿ, ಇಲಿ ಬಂದಾಗಿದ್ದರೆ? ಆಗ ನಿಮ್ಮ ಮಗಳಂಥವಳೇ ಅಲ್ಲಿರಬೇಕು ಅಂತ ನನ್ನಾಸೆ. ಮೊದಲ ಒಂದು ವಾರ ಯಾವ ಸೂಜಿಯೂ ಬೇಡ. ದಿನಾ ಹೋಗಿ, ಬಾಲ ಹಿಡಿದು ಎತ್ತದೆ, ಎರಡೂ ಕೈ ಬೊಗಸೆ ಮಾಡಿ ಎತ್ತಿಕೊಳ್ಳಲಿ. ಅವಳ ಕೈಯ ವಾಸನೆ ಅವಕ್ಕೆ ಪರಿಚಯವಾಗಲಿ. ಹೆದರಿದ ಇಲಿಯ ರಕ್ತದಲ್ಲಿ ಸಕ್ಕರೆ ತಾನಾಗಿಯೇ ಏರುತ್ತದೆ, ಹಾಗಾಗಿ ಇದು ಬರೀ ಕರುಣೆಯ ಮಾತಲ್ಲ, ಲೆಕ್ಕ ಸರಿ ಬರಲೂ ಬೇಕು. ಸಾರ ಕುಡಿಸುವ ಬಾಗಿದ ಸೂಜಿ ಗಂಟಲು ತಪ್ಪಿ ಶ್ವಾಸನಾಳಕ್ಕೆ ಹೋದರೆ ಇಲಿ ಅಲ್ಲೇ ಸಾಯುತ್ತದೆ. ಪಳಗಿದವರು ಪಕ್ಕದಲ್ಲಿ ನಿಂತು ಕಲಿಸುವ ತನಕ ಅವಳು ಒಬ್ಬಳೇ ಮಾಡಬಾರದು. ಸ್ಟ್ರೆಪ್ಟೊಜೋಟೊಸಿನ್ ಕೊಟ್ಟ ರಾತ್ರಿ ಸತ್ತುಹೋಗುವ ಕೋಶಗಳಿಂದ ಇನ್ಸುಲಿನ್ ಒಮ್ಮೆಲೇ ಸೋರಿ ಶುಗರ್ ಕುಸಿಯುತ್ತದೆ. ಆ ರಾತ್ರಿ ಕುಡಿಯುವ ಬಾಟಲಿಗೆ ಗ್ಲೂಕೋಸ್ ನೀರು ತುಂಬಿಸಬೇಕು. ಮರೆತರೆ ಬೆಳಗ್ಗೆ ಕೇಜಿನಲ್ಲಿ ಹೆಣಗಳಿರುತ್ತವೆ. ಹೊಟ್ಟು ದಿನಾ ಬದಲಾಗಬೇಕು, ಭಾನುವಾರವೂ, ಹಬ್ಬದ ದಿನವೂ.

ಇಲಿಯ ಮುಖ ಓದುವುದನ್ನೂ ಕಲಿಯಲಿ. ನೋವಾದರೆ ಅದು ಕಣ್ಣು ಕಿರಿದು ಮಾಡುತ್ತದೆ. ಮೂಗು, ಕೆನ್ನೆಯ ಉಬ್ಬು ಚಪ್ಪಟೆಯಾಗುತ್ತದೆ, ಕಿವಿ ಒಳಕ್ಕೆ ಸುರುಳಿಯಾಗುತ್ತದೆ, ಮೀಸೆ ಬಿಗಿಯುತ್ತದೆ. ಇದಕ್ಕೆ ಅಂಕ ಹಾಕುವ ಪಟ್ಟಿಯೇ ಇದೆ. ಇಷ್ಟು ಅಂಕ ದಾಟಿದರೆ, ಇಷ್ಟು ತೂಕ ಇಳಿದರೆ, ನಾಲ್ಕು ವಾರ ಆಗುವ ತನಕ ಕಾಯದೆ ಆ ಇಲಿಯ ಪ್ರಯೋಗ ಅಲ್ಲಿಗೆ ನಿಲ್ಲಬೇಕು ಅಂತ ಮೊದಲೇ ಬರೆದು ಗೋಡೆಗೆ ಅಂಟಿಸಲಿ, ಗೈಡ್ ಸಹಿ ಹಾಕಿಸಿಕೊಂಡು. ಸಹಿ ಮುಖ್ಯ. ರಾತ್ರಿ ಒಂಬತ್ತು ಗಂಟೆಗೆ ಒಂದು ಇಲಿ ಮೂಲೆಯಲ್ಲಿ ಮುದುಡಿ ಕೂತಿದ್ದಾಗ ಅವಳು ಯಾರಿಗೂ ಫೋನ್ ಮಾಡಿ ಕೇಳಬೇಕಾಗಿಲ್ಲ. ನಿಮಗೂ ಅಷ್ಟೇ.